ಮೈಮೇಲೆ ಎಗರುವ ಹುಂಜ: ಮೈಸೂರಿನಲ್ಲಿ ಹಿತ್ತಲ ಕೋಳಿ ಸಾಕುವವರಿಗೆ ಒಂದು ಬಹಿರಂಗ ಪತ್ರ

ಮೈಸೂರು ನಗರದಲ್ಲೂ ಅದರ ಅಂಚಿನ ಬಡಾವಣೆಗಳಲ್ಲೂ ಹಿತ್ತಲಲ್ಲಿ ಕೋಳಿ ಸಾಕುತ್ತಿರುವ ಸಮಸ್ತ ಕುಟುಂಬದವರಿಗೆ,



ಮೊಟ್ಟೆಗೆಂದೋ, ಹಬ್ಬದ ಅಡುಗೆಗೆಂದೋ, ಊರದೇವತೆಯ ಹರಕೆಗೆಂದೋ, ಮಕ್ಕಳು ಹಟ ಹಿಡಿದರೆಂದೋ ತಂದು ಸಾಕಿದ ಹುಂಜವು ಪ್ರಾಯಕ್ಕೆ ಬಂದ ಮೇಲೆ ಕಾಳು ಹಾಕಿದವರ ಮೈಮೇಲೆಯೇ ಎಗರತೊಡಗುವುದು ಕೋಳಿ ಸಾಕುವ ಯಾವ ಮನೆಗೂ ಹೊಸದಲ್ಲ. ಆದರೆ ಈ ತೊಂದರೆಗೆ ಹಿತ್ತಲುಗಳಲ್ಲಿ ರೂಢಿಯಾಗಿರುವ ಪರಿಹಾರಗಳು ಮೂರೇ ಮೂರು: ಕೋಲೆತ್ತಿ ಬಾರಿಸುವುದು, ಹುಂಜವೆಂದರೆ ಹೀಗೆಯೇ ಎಂದು ಸಹಿಸಿಕೊಂಡು ಮಕ್ಕಳನ್ನು ಒಳಗೆ ಕೂಡಿಹಾಕುವುದು, ಅದೂ ಸಾಕಾದಾಗ ಗುಣವನ್ನು ಮುಚ್ಚಿಟ್ಟು ಹುಂಜವನ್ನು ಬೇರೊಬ್ಬರ ಮನೆಗೆ ಸಾಗಹಾಕುವುದು. ಈ ಮೂರೂ ದಾರಿಗಳು ತಪ್ಪೆಂದೂ, ಎಗರುವ ಹುಂಜದ ವಿಷಯದಲ್ಲಿ ಕೊನೆಯ ತೀರ್ಮಾನ ಕೈಗೊಳ್ಳುವ ಹೊಣೆ ಅದನ್ನು ಸಾಕಿದ ಮನೆಯದೇ ಎಂದೂ ತಿಳಿಸುವುದು ಈ ಪತ್ರದ ಉದ್ದೇಶ.

ಮೈಸೂರಿನ ಹಿತ್ತಲು ಒಂದೇ ಬಗೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಎರಗಿದ ಪ್ಲೇಗಿನ ತರುವಾಯ, 1903ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಮಂಡಳಿಯು ಗಾಳಿ ಬೆಳಕಿಗೆ ಅವಕಾಶವಿರುವ ಬಡಾವಣೆಗಳನ್ನು ರೂಪಿಸಿದ್ದರಿಂದ ಹಳೆಯ ಮೈಸೂರಿನ ಎಷ್ಟೋ ಮನೆಗಳ ಹಿಂದೆ ಇಷ್ಟಗಲದ ಹಿತ್ತಲೂ, ಅದರಾಚೆಗೆ ಊರಿನವರು ಇಂದಿಗೂ ಕನ್ಸರ್ವೆನ್ಸಿ ಎಂದೇ ಕರೆಯುವ ಹಿಂಬದಿಯ ಓಣಿಯೂ ಉಳಿದುಕೊಂಡಿವೆ. ಇನ್ನೊಂದೆಡೆ ಕುಂಬಾರಕೊಪ್ಪಲು, ಹಿನಕಲ್, ಬೋಗಾದಿ, ಶ್ರೀರಾಮಪುರ, ರಮ್ಮನಹಳ್ಳಿಗಳಂತಹ ಊರುಗಳು ನಗರದೊಡನೆ ಬೆಸೆದುಕೊಂಡಿದ್ದರೂ ಅಲ್ಲಿನ ಮನೆಗಳಲ್ಲಿ ಹಸು, ಕುರಿ, ಕೋಳಿಗಳ ಸಾಕಣೆ ನಿಂತಿಲ್ಲ. ಹಳ್ಳಿಯ ಹುಂಜವು ಮನುಷ್ಯನನ್ನು ಕಂಡು ಬೇಸರವಾದರೆ ಬೇಲಿ ದಾಟಿ ತಿಪ್ಪೆಗೋ ಹೊಲಕ್ಕೋ ಹೋಗಬಲ್ಲದು. ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ, ನಿಲ್ಲಿಸಿದ ಸ್ಕೂಟರ್, ಒಣಗಲು ಹಾಕಿದ ಬಟ್ಟೆಗಳ ನಡುವೆ ಹತ್ತು ಹನ್ನೆರಡು ಅಡಿ ಅಗಲದ ಜಾಗದಲ್ಲಿ ಬದುಕುವ ನಗರದ ಹುಂಜಕ್ಕೆ ದೂರ ಸರಿಯುವ ಅವಕಾಶವೇ ಇರುವುದಿಲ್ಲ. ದಿನಕ್ಕೆ ಹತ್ತಾರು ಬಾರಿ ಮನೆಯವರು ಅದರ ನೆಲದ ಮೇಲೆ ಓಡಾಡಲೇಬೇಕಾಗುವುದರಿಂದ, ಹಳ್ಳಿಯಲ್ಲಿ ಅಪರೂಪಕ್ಕೆ ಕಾಣುವ ಕಾದಾಟ ಇಲ್ಲಿ ನಿತ್ಯದ ಸಂಗತಿಯಾಗುತ್ತದೆ.

ಹುಂಜವು ಮುನ್ಸೂಚನೆ ಕೊಡದೆ ಎಗರುವುದು ವಿರಳ. ಕೆದಕುತ್ತಿದ್ದ ಕಾಲನ್ನು ನಿಲ್ಲಿಸಿ, ತಲೆಯನ್ನು ಓರೆಯಾಗಿಸಿ, ಒಂದೇ ಕಣ್ಣಿನಿಂದ ಎದುರಿಗಿರುವವರ ಪಾದದ ಕಡೆ ನೋಡತೊಡಗುವುದು ಮೊದಲ ಲಕ್ಷಣ. ಬಳಿಕ ಕತ್ತಿನ ಗರಿಗಳು ನಿಮಿರಿ ಕೊರಳು ಇದ್ದುದಕ್ಕಿಂತ ದಪ್ಪನಾಗಿ ಕಾಣುತ್ತದೆ. ಒಂದು ಕಡೆಯ ರೆಕ್ಕೆ ಕೆಳಗಿಳಿದು ಅದರ ತುದಿಯ ಗರಿಗಳು ನೆಲಕ್ಕೆ ತಾಗಿ ಸರಸರ ಸದ್ದು ಮಾಡುತ್ತವೆ. ಹುಂಜವು ನೇರವಾಗಿ ಮುಂದೆ ಬರದೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಅರೆಸುತ್ತಿನಲ್ಲಿ ಪಕ್ಕಕ್ಕೆ ಸರಿಯುತ್ತದೆ. ಹೇಂಟೆಯನ್ನು ಒಲಿಸಿಕೊಳ್ಳುವಾಗಲೂ ಹುಂಜ ಇದೇ ರೆಕ್ಕೆಯ ಕುಣಿತವನ್ನು ತೋರುತ್ತದೆಯಾದ್ದರಿಂದ ಅನೇಕರು ಇದನ್ನು ಆಟವೆಂದು ತಿಳಿದು ನಕ್ಕು ಸುಮ್ಮನಾಗುತ್ತಾರೆ. ಕೆಲವೊಮ್ಮೆ ಹುಂಜವು ತಿನ್ನುವ ಉದ್ದೇಶವಿಲ್ಲದೆಯೇ ನೆಲವನ್ನು ಕುಕ್ಕುತ್ತದೆ, ಕಡ್ಡಿಯೊಂದನ್ನು ಎತ್ತಿ ಕೆಳಗೆ ಹಾಕುತ್ತದೆ. ಎದುರಿಗಿರುವವರು ಆ ಕ್ಷಣ ಹಿಂದೆ ಸರಿದರೆ ಅದು ಎರಡು ಹೆಜ್ಜೆ ಮುಂದೆ ಬಂದು, ರೆಕ್ಕೆ ಬಡಿಯುತ್ತ ನೆಲದಿಂದ ಮೇಲಕ್ಕೆ ಚಿಮ್ಮಿ, ಎರಡೂ ಕಾಲುಗಳನ್ನು ಒಟ್ಟಿಗೆ ಮುಂದಕ್ಕೆ ಚಾಚಿ ಒದೆಯುತ್ತದೆ. ಗಾಯವಾಗುವುದು ಕೊಕ್ಕಿಗಿಂತ ಹೆಚ್ಚಾಗಿ ಕಾಲಿನ ಹಿಂಬದಿಯ ಮುಳ್ಳಿನಿಂದ. ಒದ್ದಾದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಎದೆಯುಬ್ಬಿಸಿ ರೆಕ್ಕೆ ಬಡಿದು ಕೂಗುವ ಹುಂಜವು ತಾನು ಗೆದ್ದೆನೆಂದೇ ತಿಳಿದಿರುತ್ತದೆ.

ಮರಿಯಾಗಿದ್ದಾಗ ಅಂಗೈ ಮೇಲೆ ಕುಳಿತು ಕಾಳು ತಿನ್ನುತ್ತಿದ್ದ ಹಕ್ಕಿ ಐದಾರು ತಿಂಗಳು ತುಂಬುವ ಹೊತ್ತಿಗೆ ಹೀಗಾಗುವುದೇಕೆ ಎಂಬ ಪ್ರಶ್ನೆಗೆ ಉತ್ತರ ಅದರ ದೇಹದಲ್ಲಿಯೇ ಇದೆ. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ 1849ರಲ್ಲಿ ಆರು ಎಳೆಯ ಹುಂಜಗಳ ವೃಷಣಗಳನ್ನು ತೆಗೆದು, ನಾಲ್ಕು ಹುಂಜಗಳ ಹೊಟ್ಟೆಯೊಳಗೆ ತಲಾ ಒಂದು ವೃಷಣವನ್ನು ಮರಳಿ ನೆಟ್ಟು, ಎರಡನ್ನು ಹಾಗೆಯೇ ಬಿಟ್ಟರು. ಹಾಗೆ ಬಿಟ್ಟ ಎರಡರ ಜುಟ್ಟು ಬೆಳೆಯಲಿಲ್ಲ, ಅವು ಹುಂಜಗಳಂತೆ ಕೂಗಲಿಲ್ಲ, ಕಾದಾಡಲೂ ಇಲ್ಲ. ಉಳಿದ ನಾಲ್ಕು ಎಲ್ಲ ಹುಂಜಗಳಂತೆಯೇ ಬೆಳೆದು ಕೂಗಿದವು, ಕಾದಿದವು. ನರಗಳ ಸಂಬಂಧ ಕಡಿದುಹೋಗಿದ್ದರೂ ವೃಷಣದಿಂದ ರಕ್ತಕ್ಕೆ ಸೇರುವ ಯಾವುದೋ ವಸ್ತು ಈ ಗುಣಗಳನ್ನೆಲ್ಲ ಹುಟ್ಟಿಸುತ್ತದೆ ಎಂದು ಅದರಿಂದ ಸ್ಪಷ್ಟವಾಯಿತು. ಇಂದು ಟೆಸ್ಟೋಸ್ಟೆರಾನ್ ಎಂದು ಹೆಸರಾಗಿರುವ ಆ ಹಾರ್ಮೋನು, ಅಂದರೆ ಗ್ರಂಥಿಯಿಂದ ಒಸರಿ ರಕ್ತದ ಮೂಲಕ ದೇಹವನ್ನೆಲ್ಲ ಪ್ರಭಾವಿಸುವ ರಾಸಾಯನಿಕ, ಹುಂಜದ ಜುಟ್ಟನ್ನು ಕೆಂಪಾಗಿಸುವ ದಿನಗಳಲ್ಲೇ ಅದರ ಸಿಟ್ಟನ್ನೂ ಬೆಳೆಸುತ್ತದೆ. ಆದ್ದರಿಂದ ಹುಂಜ ಕೃತಘ್ನವಾಯಿತೆಂದು ನೊಂದುಕೊಳ್ಳುವುದಕ್ಕೆ ಅರ್ಥವಿಲ್ಲ. ಅದು ಪ್ರಾಯಕ್ಕೆ ಬಂದಿದೆ, ಅಷ್ಟೆ.

ಆದರೆ ಪ್ರಾಯಕ್ಕೆ ಬಂದ ಎಲ್ಲ ಹುಂಜಗಳೂ ಮನುಷ್ಯರ ಮೇಲೆ ಎಗರುವುದಿಲ್ಲ ಎಂಬುದೂ ಅಷ್ಟೇ ನಿಜ. ಹಾರ್ಮೋನು ಕೊಡುವುದು ಕಾದುವ ಹುಮ್ಮಸ್ಸನ್ನು ಮಾತ್ರ. ಯಾರೊಡನೆ ಕಾದಬೇಕೆಂಬುದನ್ನು ಹುಂಜವು ತನ್ನ ಸುತ್ತಲಿನ ಬದುಕಿನಿಂದ ಕಲಿಯುತ್ತದೆ. ನಾರ್ವೆಯ ಪ್ರಾಣಿವಿಜ್ಞಾನಿ ಥಾರ್ಲೈಫ್ ಶೆಲ್ಡರಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಳಿಗಳ ಪ್ರತಿ ಗುಂಪಿನಲ್ಲೂ ಯಾವುದು ಯಾವುದನ್ನು ಕುಕ್ಕಬಹುದು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬ ಮೇಲುಕೀಳಿನ ಕಟ್ಟೊಂದು ಇರುತ್ತದೆಂದು ತೋರಿಸಿದರು. ಇದನ್ನೇ ಕುಕ್ಕುವ ಶ್ರೇಣಿ ಎನ್ನಲಾಗುತ್ತದೆ. ಈ ಶ್ರೇಣಿ ಹುಂಜಗಳ ಕೂಗಿನಲ್ಲೂ ಕಾಣುವುದನ್ನು ಜಪಾನಿನ ಸಂಶೋಧಕರು 2015ರಲ್ಲಿ ವಿವರಿಸಿದ್ದಾರೆ: ಬೆಳಗಿನ ಜಾವದಲ್ಲಿ ಮೊದಲು ಕೂಗುವುದು ಗುಂಪಿನ ಮೇಲಿನ ಹುಂಜ, ಉಳಿದವು ತಮ್ಮ ತಮ್ಮ ಸ್ಥಾನಕ್ಕೆ ತಕ್ಕಂತೆ ಅದರ ಹಿಂದೆ ಕೂಗುತ್ತವೆ. ಹಿರಿಯ ಹುಂಜವೊಂದು ಇರುವ ಗುಂಪಿನಲ್ಲಿ ಬೆಳೆದ ಎಳೆಯ ಹುಂಜವು ದಾರಿ ಬಿಡುವುದನ್ನೂ ತಗ್ಗುವುದನ್ನೂ ಚಿಕ್ಕಂದಿನಲ್ಲೇ ಕಲಿಯುತ್ತದೆ. ತನ್ನ ಜಾತಿಯವರಿಲ್ಲದೆ ಮನುಷ್ಯರ ನಡುವೆಯೇ ಬೆಳೆದ ಹುಂಜಕ್ಕೆ ಈ ಪಾಠ ಸಿಗುವುದಿಲ್ಲ. ಮನುಷ್ಯರ ಭಯವೂ ಅದಕ್ಕಿರುವುದಿಲ್ಲವಾದ್ದರಿಂದ, ಅದು ಮನೆಯವರನ್ನೇ ತನ್ನ ಗುಂಪಿನ ಸದಸ್ಯರೆಂದು ಎಣಿಸಿ, ಅವರೊಡನೆಯೇ ಮೇಲುಕೀಳನ್ನು ಇತ್ಯರ್ಥ ಮಾಡಿಕೊಳ್ಳಲು ಹೊರಡುತ್ತದೆ.

ಜಾತ್ರೆಗಳಲ್ಲೂ ಶಾಲೆಗಳ ಎದುರೂ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದು ಮಾರುವ ಕೋಳಿಮರಿಗಳ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಮೊಟ್ಟೆಯ ತಳಿಗಳ ಹ್ಯಾಚರಿಗಳಲ್ಲಿ, ಅಂದರೆ ಯಂತ್ರದ ಕಾವಿನಲ್ಲಿ ಮರಿ ಮಾಡಿಸುವ ಕೇಂದ್ರಗಳಲ್ಲಿ, ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧದಷ್ಟು ಗಂಡು. ಅವು ಮೊಟ್ಟೆ ಇಡುವುದಿಲ್ಲ, ಮಾಂಸದ ಕೋಳಿಯಂತೆ ಬೇಗ ಬೆಳೆಯುವುದೂ ಇಲ್ಲವಾದ್ದರಿಂದ ಉದ್ಯಮಕ್ಕೆ ಬೇಡವಾದವು. ಅಂಥ ಮರಿಗಳನ್ನು ಕೊಲ್ಲುವುದನ್ನು ಜರ್ಮನಿ 2022ರ ಜನವರಿಯಿಂದ ಕಾನೂನಿನ ಮೂಲಕ ನಿಷೇಧಿಸಿದೆ. ನಮ್ಮಲ್ಲಿ ಅವುಗಳಲ್ಲಿ ಒಂದು ಪಾಲು ಬಣ್ಣ ಬಳಿಸಿಕೊಂಡು ಮಕ್ಕಳ ಕೈ ಸೇರುತ್ತದೆ. ಬಹುಪಾಲು ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಬದುಕಿ ಉಳಿದ ಒಂದೋ ಎರಡೋ ಮರಿ ರಟ್ಟಿನ ಪೆಟ್ಟಿಗೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಮಕ್ಕಳ ಮಡಿಲಲ್ಲಿ ಬೆಳೆದು, ಬಣ್ಣವೆಲ್ಲ ಉದುರಿ ಬಿಳಿಯ ಹುಂಜವಾಗಿ ನಿಲ್ಲುತ್ತದೆ. ಮನುಷ್ಯರ ಮೇಲೆ ಎಗರುವ ಹುಂಜವನ್ನು ತಯಾರಿಸಬೇಕೆಂದು ಯಾರಾದರೂ ಹೊರಟರೆ ಇದಕ್ಕಿಂತ ಖಚಿತವಾದ ವಿಧಾನ ಅವರಿಗೆ ದೊರೆಯಲಾರದು. ಮರಿಯ ಪಾಲಿಗೂ ಮಗುವಿನ ಪಾಲಿಗೂ ಕ್ರೂರವಾದ ಈ ವ್ಯಾಪಾರ ಕೊಳ್ಳುವವರಿಲ್ಲದಿದ್ದರೆ ಒಂದು ಜಾತ್ರೆಯನ್ನೂ ದಾಟಿ ಬಾಳುವುದಿಲ್ಲ.

ತಳಿಯ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಅಸೀಲ್ ಮುಂತಾದ ಕಾಳಗದ ತಳಿಗಳ ಹುಂಜಗಳು ಮನುಷ್ಯರ ಮೇಲೂ ಬೀಳುತ್ತವೆ ಎಂದು ಹಲವರು ನಂಬಿದ್ದಾರೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಸುಮಾರು 1129ರ ಮಾನಸೋಲ್ಲಾಸವು ಕುಕ್ಕುಟ ವಿನೋದವನ್ನು ಅರಮನೆಯ ವಿನೋದಗಳಲ್ಲಿ ಒಂದಾಗಿ ವರ್ಣಿಸುವಷ್ಟು ಹಿಂದಿನಿಂದಲೂ ಕಾಳಗಕ್ಕೆಂದು ಹುಂಜಗಳನ್ನು ಆರಿಸಿ ಬೆಳೆಸುವ ಪದ್ಧತಿ ಈ ನಾಡಿನಲ್ಲಿದೆ. ಆದರೆ ಆ ಹುಂಜಗಳನ್ನು ಕೈಯಲ್ಲಿ ಹಿಡಿದು, ನೀವಿ, ಕಣಕ್ಕೆ ಬಿಡಬೇಕಾಗುವುದರಿಂದ, ಹಿಡಿದವರನ್ನೇ ಒದೆಯುವ ಹಕ್ಕಿಯ ಸಂತತಿಯನ್ನು ಸಾಕುವವರು ಮುಂದುವರಿಸುವುದಿಲ್ಲ. ಹೀಗಾಗಿ ಇನ್ನೊಂದು ಹುಂಜದೊಡನೆ ಸಾಯುವವರೆಗೆ ಕಾದುವ ಹಕ್ಕಿಯೂ ಮನುಷ್ಯರ ಬಳಿ ಸೌಮ್ಯವಾಗಿರಬಲ್ಲದು. ಹುಂಜದ ಮೇಲಿನ ಸಿಟ್ಟು, ಮನುಷ್ಯರ ಮೇಲಿನ ಸಿಟ್ಟು ಬೇರೆ ಬೇರೆ ಗುಣಗಳು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ, ಸಂತೆಯಲ್ಲಿ ಸಿಗುವ ನಾಟಿಕೋಳಿ, ಇವುಗಳಲ್ಲಿ ಯಾವ ತಳಿಯ ಹುಂಜವಾದರೂ ಸಾಧುವಾಗಿರಬಹುದು, ಎಗರಲೂಬಹುದು. ಮೂರು ನಾಲ್ಕು ಕಿಲೋ ತೂಗುವ ಗಿರಿರಾಜ ಎಗರಿದರೆ ಪೆಟ್ಟು ಮಾತ್ರ ಜೋರು. ಆದರೂ ಕಾದುವ ಸ್ವಭಾವ ವಂಶದಲ್ಲಿ ಹರಿದುಬರುತ್ತದೆ ಎಂಬುದಕ್ಕೆ ಆಧಾರವಿದೆ: ಅಮೆರಿಕದ ಕಾನ್ಸಸ್‌ನಲ್ಲಿ ಗುಲ್, ಕ್ರೇಗ್ ಮತ್ತು ಮ್ಯೂಲರ್ ಎಂಬ ವಿಜ್ಞಾನಿಗಳು ಜಗಳಗಂಟಿ ಕೋಳಿಗಳನ್ನೂ ಸಾಧು ಕೋಳಿಗಳನ್ನೂ ಬೇರೆ ಬೇರೆಯಾಗಿ ಬೆಳೆಸಿ, ಕೆಲವೇ ಪೀಳಿಗೆಗಳಲ್ಲಿ ಎರಡು ಸಾಲುಗಳ ನಡುವೆ ಸ್ಪಷ್ಟ ಅಂತರ ಮೂಡುವುದನ್ನು 1960ರಲ್ಲಿ ವರದಿ ಮಾಡಿದರು. ಎಗರುವ ಹುಂಜಕ್ಕೆ ಹುಟ್ಟಿದ ಮೊಟ್ಟೆಗಳನ್ನು ಕಾವಿಗೆ ಇಡಬಾರದೆಂಬ ನಿಯಮ ಇದರಿಂದಲೇ ಬರುತ್ತದೆ.

ಹೊಡೆಯುವುದರಿಂದ ಹುಂಜ ಪಳಗುವುದಿಲ್ಲ. ಎದುರಾಳಿಯೆಂದು ತಿಳಿದವರು ಒದೆಗೆ ಒದೆಯನ್ನೇ ಹಿಂತಿರುಗಿಸಿದರೆ, ಅವರು ಎದುರಾಳಿಯೇ ಎಂಬುದು ಹುಂಜಕ್ಕೆ ಖಾತ್ರಿಯಾಗುತ್ತದೆ. ಸೋತರೆ ನಾಳೆ ಮತ್ತೆ ಬರುತ್ತದೆ, ಅಥವಾ ಮುಖಾಮುಖಿಯನ್ನು ಬಿಟ್ಟು ಬೆನ್ನು ತಿರುಗಿಸಿದಾಗ ಎರಗುವುದನ್ನು ಕಲಿಯುತ್ತದೆ. ಹೊಡೆತ ಬಲ್ಲ ಗಂಡಸಿನ ಮುಂದೆ ತೆಪ್ಪಗಿದ್ದು, ಅವರು ಕೆಲಸಕ್ಕೆ ಹೋದ ಮೇಲೆ ಮುದುಕಿಯನ್ನೂ ಮಗುವನ್ನೂ ಅಟ್ಟಿಸಿಕೊಂಡು ಹೋಗುವ ಹುಂಜವು ಇಂತಹ ಪಾಠದ ಫಲ. ಓಡುವುದೂ ಇದೇ ತಪ್ಪಿನ ಇನ್ನೊಂದು ಮುಖ, ಏಕೆಂದರೆ ಓಡಿದವರು ಸೋತವರೆಂದು ಅದು ಲೆಕ್ಕ ಹಾಕುತ್ತದೆ. ಪ್ರಾಣಿಗಳನ್ನು ಹೊಡೆದು ಒದ್ದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಅಪರಾಧವೆಂಬುದನ್ನೂ ನೆನಪಿನಲ್ಲಿಡಬೇಕು.

ಹೊಡೆಯದೆ, ಓಡದೆ ನಡೆದುಕೊಳ್ಳುವ ಕ್ರಮವೊಂದಿದೆ. ಹಿತ್ತಲಿಗೆ ಇಳಿಯುವ ದೊಡ್ಡವರು ಕಾಲು ಮುಚ್ಚುವ ಬಟ್ಟೆಯನ್ನೂ ಗಟ್ಟಿ ಬೂಟನ್ನೂ ತೊಟ್ಟು, ಕೈಯಲ್ಲಿ ಹಳೆಯ ಮೊರವನ್ನೋ ಪ್ಲೈವುಡ್ ತುಂಡನ್ನೋ ಹಿಡಿದಿರಬೇಕು. ಅದು ಹೊಡೆಯುವುದಕ್ಕಲ್ಲ, ಮೊಣಕಾಲಿನಿಂದ ಕೆಳಗೆ ಅಡ್ಡ ಹಿಡಿಯುವುದಕ್ಕೆ. ಹುಂಜ ರೆಕ್ಕೆ ಇಳಿಸಿ ಸುತ್ತತೊಡಗಿದರೆ ನಿಂತಲ್ಲೇ ನಿಂತು, ಮೊರವನ್ನು ಅಡ್ಡ ಹಿಡಿದು, ಅದು ಕತ್ತಿನ ಗರಿ ತಗ್ಗಿಸಿ ಬೇರೆ ಕಡೆ ತಿರುಗುವವರೆಗೂ ಕದಲದೆ ಕಾಯಬೇಕು. ಎಗರಿದರೆ ಪೆಟ್ಟು ಮೊರಕ್ಕೆ ಬೀಳುತ್ತದೆ. ಎದುರಿನವರು ಹಿಂದೆ ಸರಿಯಲೂ ಇಲ್ಲ, ತಿರುಗಿ ಕಾದಲೂ ಇಲ್ಲ ಎಂದಾದಾಗ ಕಾದಾಟ ಮುಂದುವರಿಯಲು ಕಾರಣವೇ ಉಳಿಯುವುದಿಲ್ಲ. ಹುಂಜ ಕೆದಕುವುದಕ್ಕೆ ಮರಳಿದ ಮೇಲೆ ಆತುರವಿಲ್ಲದೆ ಮುಂದೆ ನಡೆದು ಕೆಲಸ ಮುಗಿಸಬೇಕು. ಮನೆಯ ದೊಡ್ಡವರೆಲ್ಲರೂ ಪ್ರತಿದಿನವೂ ಹೀಗೆಯೇ ನಡೆದುಕೊಂಡರೆ ಮಾತ್ರ ಇದು ಫಲ ಕೊಡುತ್ತದೆ. ಒಬ್ಬರು ನಿಂತು, ಇನ್ನೊಬ್ಬರು ಓಡಿ, ಮತ್ತೊಬ್ಬರು ಕಲ್ಲೆಸೆದರೆ ಹುಂಜ ಯಾವುದನ್ನೂ ಕಲಿಯುವುದಿಲ್ಲ.

ಕಾದಾಟಕ್ಕೆ ಎಡೆಮಾಡುವ ಸಂದರ್ಭಗಳನ್ನು ಕಡಿಮೆ ಮಾಡುವುದೂ ಅಷ್ಟೇ ಮುಖ್ಯ. ಹೇಂಟೆಯನ್ನು ಹಿಡಿದಾಗ ಅದು ಹಾಕುವ ಕೂಗು ಕೇಳಿದರೆ ಸಾಧು ಹುಂಜವೂ ರಕ್ಷಣೆಗೆ ಧಾವಿಸುತ್ತದೆ. ಆದ್ದರಿಂದ ಹೇಂಟೆಗಳನ್ನು ಹಿಡಿಯುವುದು, ಮದ್ದು ಹಾಕುವುದು ಇತ್ಯಾದಿ ಕೆಲಸಗಳನ್ನು ಕೋಳಿಗಳು ಗೂಡು ಸೇರಿ ಕತ್ತಲಾದ ಮೇಲೆ ಮಾಡಬೇಕು, ಏಕೆಂದರೆ ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದೆ ಅದು ಸುಮ್ಮನಿರುತ್ತದೆ. ಮೊಟ್ಟೆ ತೆಗೆಯುವ ಮುನ್ನ ಒಂದು ಹಿಡಿ ರಾಗಿಯನ್ನೋ ನುಚ್ಚನ್ನೋ ಹಿತ್ತಲಿನ ಇನ್ನೊಂದು ಮೂಲೆಗೆ ಎರಚಿದರೆ ಹುಂಜ ಹೇಂಟೆಗಳನ್ನು ಕರೆಯುತ್ತ ಅಲ್ಲಿಗೆ ಹೋಗುತ್ತದೆ. ಅಂಗೈಯಿಂದ ಹುಂಜಕ್ಕೆ ತಿನ್ನಿಸುವುದನ್ನು ನಿಲ್ಲಿಸಬೇಕು. ರಾತ್ರಿ ಗೂಡಿನಿಂದ ಹುಂಜವನ್ನು ಎತ್ತಿ, ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು, ಕಂಕುಳಲ್ಲಿ ಇರಿಸಿಕೊಂಡು ಅದರ ಕಾಲುಗಳ ಬಿಗಿ ಸಡಿಲುವವರೆಗೆ ಕೆಲವು ನಿಮಿಷ ಓಡಾಡುವುದರಿಂದ ಮನುಷ್ಯರ ಸ್ಪರ್ಶ ಅದಕ್ಕೆ ಅಭ್ಯಾಸವಾಗುತ್ತದೆ. ಅದೇ ಹೊತ್ತಿನಲ್ಲಿ ರೆಕ್ಕೆಯಡಿಯ ಹೇನು, ಅಂಗಾಲಿನ ಬಾವು, ಕಣ್ಣಿನ ಗಾಯಗಳನ್ನೂ ಪರೀಕ್ಷಿಸಬಹುದು. ಸಾಧುವಾಗಿದ್ದ ಹುಂಜ ಏಕಾಏಕಿ ಸಿಡುಕತೊಡಗಿದ್ದರೆ ನೋವು ಕಾರಣವಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಕಾಲು ಹಿಡಿದು ತಲೆಕೆಳಗಾಗಿ ತೂಗುಹಾಕುವ ರೂಢಿಯನ್ನಂತೂ ಬಿಡಲೇಬೇಕು, ಏಕೆಂದರೆ ಹಕ್ಕಿಗಳಿಗೆ ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆ ಎಂಬ ಸ್ನಾಯುಪದರವಿಲ್ಲ. ತಲೆಕೆಳಗಾದಾಗ ಒಳಗಿನ ಅಂಗಗಳ ಭಾರ ಉಸಿರಿನ ಚೀಲಗಳ ಮೇಲೆ ಬಿದ್ದು ಹಕ್ಕಿಗಳು ಉಸಿರಿಗೆ ಕಷ್ಟಪಡುತ್ತವೆ.

ಹೇಂಟೆಗಳ ಸಂಖ್ಯೆಗೂ ಹುಂಜದ ನಡತೆಗೂ ಸಂಬಂಧವಿದೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳು ಇರಬೇಕೆಂಬುದು ಸಾಮಾನ್ಯ ಲೆಕ್ಕ. ಮೂರು ಹೇಂಟೆಗಳಿಗೆ ಎರಡು ಹುಂಜಗಳಿದ್ದರೆ ಹೇಂಟೆಗಳ ಬೆನ್ನಿನ ಗರಿ ಉದುರಿ ಚರ್ಮ ಕಾಣುತ್ತದೆ, ಹುಂಜಗಳು ಸದಾ ಕೆರಳಿರುತ್ತವೆ. ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಮನೆಗೆ ಹುಂಜ ಬೇಕೇ ಎಂಬುದು. ಮೊಟ್ಟೆ ಇಡಲು ಹೇಂಟೆಗೆ ಹುಂಜದ ಅಗತ್ಯವಿಲ್ಲ. ಮರಿ ಮಾಡಿಸಬೇಕಾದರೆ ಮಾತ್ರ ಹುಂಜ ಬೇಕು. ಇಷ್ಟು ಸರಳವಾದ ಸಂಗತಿ ಇನ್ನೂ ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಹುಂಜ ಬೇಕೇಬೇಕೆನ್ನುವವರು ಹೇಂಟೆಗಳು ಕಾಣುವಂತೆ, ಜಾಲರಿಯ ಮರೆಯಲ್ಲಿ, ಚಿಲಕವಿರುವ ಬೇರೆ ಗೂಡೊಂದನ್ನು ಕಟ್ಟಿಕೊಂಡು, ಮಕ್ಕಳು ಹಿತ್ತಲಲ್ಲಿರುವಾಗಲೆಲ್ಲ ಹುಂಜವನ್ನು ಅದರೊಳಗೆ ಬಿಡಬೇಕು. ಮಂಕರಿಯಡಿಯಲ್ಲಿ ದಿನವಿಡೀ ಮುಚ್ಚಿಡುವುದು ಇದಕ್ಕೆ ಬದಲಿಯಲ್ಲ. ಹರಕೆಗೆಂದು ಬಿಟ್ಟ ಹುಂಜವನ್ನು ಹಬ್ಬದವರೆಗೂ ಮಾರುವಂತಿಲ್ಲ, ಕೊಯ್ಯುವಂತಿಲ್ಲ ಎಂಬ ಕಟ್ಟುಪಾಡಿರುವ ಮನೆಗಳಲ್ಲಿ ಈ ಗೂಡೊಂದೇ ದಾರಿ. ದೇವರ ಹುಂಜವೆಂಬ ಭಕ್ತಿಯಿಂದ ಅದನ್ನು ಬೀದಿಯಲ್ಲಿ ತಿರುಗಲು ಬಿಟ್ಟರೆ ಅದರ ಒದೆ ತಿನ್ನುವವರು ನೆರೆಮನೆಯ ಮಕ್ಕಳು. ಕಾಲಿನ ಮುಳ್ಳಿನ ಚೂಪನ್ನು ತಿಂಗಳಿಗೊಮ್ಮೆ ಅರದಿಂದ ಉಜ್ಜಿ ಮೊಂಡಾಗಿಸಬಹುದು. ಆದರೆ ಮುಳ್ಳಿನ ಒಳಗೆ ರಕ್ತ ಹರಿಯುವ ಮೂಳೆ ಇರುವುದರಿಂದ ಬುಡದ ಕಡೆ ಕತ್ತರಿಸುವುದು ಸಲ್ಲದು.

ಎಗರುವ ಹುಂಜದ ಅಪಾಯವನ್ನು ಹಗುರವಾಗಿ ಕಾಣುವುದಕ್ಕೆ ಆಸ್ಪದವಿಲ್ಲ. ದೊಡ್ಡವರಿಗೆ ಮೊಣಕಾಲಿಗೆ ಬೀಳುವ ಒದೆ ಮೂರು ವರ್ಷದ ಮಗುವಿಗೆ ಮುಖಕ್ಕೆ, ಕಣ್ಣಿಗೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಮೊಟ್ಟೆ ತೆಗೆಯಲು ಹೋದ 76 ವರ್ಷದ ಮಹಿಳೆಯೊಬ್ಬರ ಕಾಲಿನ ಉಬ್ಬಿದ ರಕ್ತನಾಳಕ್ಕೆ ಹುಂಜ ಕುಕ್ಕಿದ್ದರಿಂದ ರಕ್ತಸ್ರಾವವಾಗಿ ಅವರು ತೀರಿಕೊಂಡ ಘಟನೆಯನ್ನು ಅಡಿಲೇಡಿನ ವೈದ್ಯವಿಜ್ಞಾನಿಗಳು 2019ರಲ್ಲಿ ದಾಖಲಿಸಿದ್ದಾರೆ. ವೆರಿಕೋಸ್ ವೇನ್ಸ್ ಎಂದು ವೈದ್ಯರು ಕರೆಯುವ ಆ ತೊಂದರೆ ಇರುವ ಹಿರಿಯರು ಇಂಥ ಹಿತ್ತಲಿಗೆ ಇಳಿಯಲೇಬಾರದು. ಗಾಯವಾದರೆ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಹುಚ್ಚುನಾಯಿ ರೋಗ ಸಸ್ತನಿಗಳ ರೋಗವಾದ್ದರಿಂದ ಹುಂಜದ ಗಾಯಕ್ಕೆ ಅದರ ಚುಚ್ಚುಮದ್ದು ಬೇಕಿಲ್ಲ. ಆದರೆ ಹುಂಜ ಕೆದಕುವ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆಯಾದ್ದರಿಂದ, ಅದರ ಲಸಿಕೆ ಪಡೆದು ಐದು ವರ್ಷ ಮೀರಿದ್ದರೆ ವೈದ್ಯರನ್ನು ಕಾಣಬೇಕು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗುವ ಸಂಭವವಿದ್ದರೂ ಸಾಕಷ್ಟು ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗಿನ ಸೆರೆವಾಸ ಅಥವಾ 5000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನೆರೆಮನೆಯ ಮಗುವಿನ ಕಣ್ಣು ಹೋದ ಮೇಲೆ ಈ ಕಲಮನ್ನು ಓದುವುದರಿಂದ ಪ್ರಯೋಜನವಿಲ್ಲ.

ಇಷ್ಟೆಲ್ಲ ಹೇಳಿದರೂ ಹುಂಜದ ಹುರುಪನ್ನೆಲ್ಲ ದೋಷವೆಂದು ಎಣಿಸುವುದು ನ್ಯಾಯವಲ್ಲ. ಆಕಾಶದಲ್ಲಿ ಹದ್ದು ಸುಳಿದಾಗ ಒಂದು ಬಗೆಯಾಗಿ, ನೆಲದ ಮೇಲೆ ಮುಂಗುಸಿಯೋ ಬೆಕ್ಕೋ ನಾಯಿಯೋ ಬಂದಾಗ ಬೇರೊಂದು ಬಗೆಯಾಗಿ ಹುಂಜ ಕೂಗುತ್ತದೆಂದೂ, ಹೇಂಟೆಗಳು ಆಯಾ ಕೂಗಿಗೆ ತಕ್ಕಂತೆ ಅವಿತುಕೊಳ್ಳುತ್ತವೆ ಅಥವಾ ಕತ್ತೆತ್ತಿ ನೋಡುತ್ತವೆಂದೂ ಪಕ್ಷಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಕಾಳು ಸಿಕ್ಕಿದಾಗ ತಾನು ತಿನ್ನದೆ ಹೇಂಟೆಗಳನ್ನು ಕರೆಯುವ ಒಳ್ಳೆಯ ಹುಂಜವೊಂದು ಹಿತ್ತಲಿಗೆ ದೊಡ್ಡ ಆಸರೆ. ಅಪರಿಚಿತರನ್ನು ಕಂಡು ಎದೆಯುಬ್ಬಿಸಿ ನಿಲ್ಲುವುದು, ಹೇಂಟೆಗೂ ಮನುಷ್ಯರಿಗೂ ನಡುವೆ ಬಂದು ನಿಲ್ಲುವುದು ಅದರ ಕರ್ತವ್ಯ. ಸುಮ್ಮನೆ ತನ್ನ ಪಾಡಿಗೆ ಹೋಗುತ್ತಿರುವವರನ್ನು ಅಟ್ಟಿಸಿಕೊಂಡು ಬಂದು ಒದೆಯುವುದು ಮಾತ್ರ ಇಲ್ಲಿ ಚರ್ಚಿಸುತ್ತಿರುವ ದೋಷ.

ಮೇಲೆ ಹೇಳಿದ ಕ್ರಮವನ್ನು ಮನೆಯವರೆಲ್ಲ ಮೂರು ನಾಲ್ಕು ವಾರ ತಪ್ಪದೆ ಪಾಲಿಸಿದರೆ, ವಿಶೇಷವಾಗಿ ಒಂದು ವರ್ಷ ತುಂಬದ ಹುಂಜಗಳಲ್ಲಿ ಬದಲಾವಣೆ ಕಾಣುವ ಸಂಭವವಿದೆ. ಆಗಲೂ ಬದಲಾಗದ, ಮಕ್ಕಳನ್ನು ಹುಡುಕಿಕೊಂಡು ಹೋಗಿ ಒದೆಯುವ ಹುಂಜವನ್ನು ಹೇಂಟೆಗಳ ನಡುವೆ ಉಳಿಸಿಕೊಳ್ಳುವುದು ದಯೆಯಲ್ಲ. ಮಾಂಸ ತಿನ್ನುವ ಮನೆಗಳಲ್ಲಿ ಅದನ್ನು ಅನುಭವವುಳ್ಳವರ ಕೈಯಲ್ಲಿ, ಹೆಚ್ಚು ನರಳದಂತೆ ಕೊಯ್ಯಿಸಿ ಅಡುಗೆಗೆ ಬಳಸುವುದರಲ್ಲಿ ನಾಚಿಕೊಳ್ಳಬೇಕಾದುದೇನೂ ಇಲ್ಲ; ಬಲಿತ ಹುಂಜದ ಮಾಂಸ ಬೇಯಲು ಹೊತ್ತು ಬೇಕಾದರೂ ಸಾರಿಗೆ ಅದರ ರುಚಿಯೇ ಮಿಗಿಲೆಂಬುದನ್ನು ಈ ಸೀಮೆಯ ಅಡುಗೆ ಬಲ್ಲವರೆಲ್ಲ ಒಪ್ಪುತ್ತಾರೆ. ಕೊಲ್ಲಲು ಮನಸ್ಸೊಪ್ಪದ ಮನೆಗಳು ಅದು ಬದುಕಿರುವಷ್ಟು ಕಾಲವೂ ಬೇರೆ ಗೂಡಿನಲ್ಲಿಟ್ಟು ಸಾಕುವ ಖರ್ಚನ್ನೂ ಶ್ರಮವನ್ನೂ ಹೊರಬೇಕು. ಹೇಂಟೆಗಳ ಸುಳಿವೇ ಇಲ್ಲದ ಕಡೆ ಹುಂಜಗಳು ಬಹುಮಟ್ಟಿಗೆ ಶಾಂತವಾಗಿರುವುದರಿಂದ ಇದು ಅಸಾಧ್ಯವಾದ ಮಾತಲ್ಲ. ಎರಡರಲ್ಲಿ ಯಾವುದನ್ನು ಆರಿಸಿದರೂ ಅದು ಗೌರವಯುತವಾದ ತೀರ್ಮಾನವೇ.

ಗೌರವಯುತವಲ್ಲದ್ದು ಮೂರನೆಯ ದಾರಿ. ಗುಣ ಹೇಳದೆ ದಾಟಿಸಿದ ಹುಂಜವು ಹೊಸ ಮನೆಯಲ್ಲಿ, ಎಚ್ಚರವಿಲ್ಲದ ಮಗುವಿನ ಮೇಲೆ ಎಗರುತ್ತದೆ. ಹಿತ್ತಲಿನಿಂದ ಹಿತ್ತಲಿಗೆ ಹೋಗುವ ಹಕ್ಕಿಯೊಡನೆ ರೋಗವೂ ಹೋಗುತ್ತದೆ: ಹಕ್ಕಿಜ್ವರದ ಕಾರಣ 2017ರ ಜನವರಿಯಲ್ಲಿ ಮೈಸೂರಿನ ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಬೇಕಾಗಿ ಬಂದುದನ್ನೂ, 2020ರ ಮಾರ್ಚಿನಲ್ಲಿ ಕುಂಬಾರಕೊಪ್ಪಲಿನಲ್ಲಿ ಅದೇ ರೋಗ ದೃಢಪಟ್ಟು ಸುತ್ತಲಿನ ಮನೆಗಳ ಸಾಕುಹಕ್ಕಿಗಳನ್ನು ಕೊಲ್ಲಬೇಕಾಗಿ ಬಂದುದನ್ನೂ ಈ ನಗರ ಕಂಡಿದೆ. ಹುಂಜವನ್ನು ಕಾಳಗಕ್ಕೆ ಕೊಳ್ಳುವವರಿಗೆ ಮಾರುವುದು ಇದಕ್ಕಿಂತಲೂ ಹೀನ. ಕರಾವಳಿಯ ಕೋಳಿ ಅಂಕದಲ್ಲಾಗಲಿ ಬಯಲುಸೀಮೆಯ ಕೋಳಿ ಜೂಜಿನಲ್ಲಾಗಲಿ ಮನರಂಜನೆಗೆಂದು ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 1960ರ ಕಾಯಿದೆಯ ಪ್ರಕಾರ ಅಪರಾಧ. 2014ರ ಮೇ 7ರಂದು ಸುಪ್ರೀಂ ಕೋರ್ಟು ನಾಗರಾಜ ಪ್ರಕರಣದ ತೀರ್ಪಿನಲ್ಲಿ ಪ್ರಾಣಿಗಳ ಕಾದಾಟಗಳನ್ನು ತಡೆಯಬೇಕೆಂದು ಸರ್ಕಾರಗಳಿಗೆ ಸೂಚಿಸಿದೆ. 2021ರ ಫೆಬ್ರುವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯಲ್ಲಿ, ಕಾಳಗಕ್ಕೆಂದು ಕಾಲಿಗೆ ಕತ್ತಿ ಕಟ್ಟಿದ್ದ ಹುಂಜವು ಕೊಸರಿಕೊಂಡಾಗ ಆ ಕತ್ತಿ ತಗುಲಿ ಅದರ ಒಡೆಯನೇ ಸತ್ತನು.

ಆದ್ದರಿಂದ ಹಿತ್ತಲಲ್ಲಿ ಕೋಳಿ ಸಾಕುವ ಕುಟುಂಬಗಳವರಲ್ಲಿ ವಿನಂತಿ ಇಷ್ಟೆ: ಈ ವರ್ಷದ ಜಾತ್ರೆಗಳಲ್ಲಿ ಬಣ್ಣದ ಮರಿಗಳನ್ನು ಕೊಳ್ಳಬಾರದು, ಎಗರುವ ಹುಂಜದ ಮೊಟ್ಟೆಗಳನ್ನು ಕಾವಿಗೆ ಕೂರಿಸಬಾರದು, ಮತ್ತು ಹುಂಜವನ್ನು ಕೇಳಿಕೊಂಡು ಬಾಗಿಲಿಗೆ ಬಂದವರಿಗೆ ಅದು ಮನುಷ್ಯರ ಮೇಲೆ ಎಗರುತ್ತದೆಂಬ ಮಾತನ್ನು ಬೆಲೆ ಹೇಳುವ ಮುನ್ನವೇ ಹೇಳಬೇಕು.